ಗಿರಿಜೆಯ ಎಡಗೈ

ಹೋದ ವಾರ ಸೊಸೆ ನನ್ನ ಮೊಣಕಾಲಿಗೆ ನೋವಿನ ಮುಲಾಮು ತಿಕ್ಕುತ್ತಿದ್ದಳು. ಆ ಘಾಟು ಮೂಗಿಗೆ ಅಡರಿದ್ದೇ ತಡ, ಇದು ಹ್ಯಾಂಡ್‌ಬಾಲ್ ಆಡುತ್ತಿದ್ದಾಗಿನ ನೋವು ಎಂದುಬಿಟ್ಟೆ. ಅವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಿರುವ ಅತ್ತೆ, ನಾಯಂಡಹಳ್ಳಿ ಮೆಟ್ರೊ ನಿಲ್ದಾಣದ ಮೆಟ್ಟಿಲುಗಳನ್ನು ಶಪಿಸುತ್ತಲೇ ಹತ್ತುವವಳು. ಗಂಡನಿಗೂ ಮಗನಿಗೂ ಈ ಕತೆಯನ್ನು ಅರ್ಧ ಮಾತ್ರ ಹೇಳಿದ್ದೆ. ಉಳಿದರ್ಧವನ್ನು ನಿಮಗೆ ಹೇಳುತ್ತೇನೆ. ನೀವು ನಮ್ಮ ಬೀದಿಯವರಲ್ಲ, ಅದೇ ಧೈರ್ಯ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಮನೆ ರಾಜಾಜಿನಗರದಲ್ಲಿತ್ತು. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಅದೇ ಕಾರ್ಖಾನೆಯ ನಂಜಪ್ಪ ಎಂಬವರಿಗೆ ಎಲ್ಲಿಂದಲೋ ಹ್ಯಾಂಡ್‌ಬಾಲಿನ ಹುಚ್ಚು ಹತ್ತಿತ್ತು. ಆಗಿನ್ನೂ ಅದು ಹೊಸ ಆಟ. ಏಳು ಜನ ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತಾ ಹೋಗಿ ಗೋಲಿಗೆ ಎಸೆಯಬೇಕು ಎಂದು ಅವರು ಎಷ್ಟು ಬಿಡಿಸಿ ಹೇಳಿದರೂ ನಮ್ಮಪ್ಪ ಕೊನೆಯವರೆಗೂ ಅದನ್ನು ಥ್ರೋಬಾಲ್ ಎಂದೇ ಕರೆದರು. ನಂಜಪ್ಪನವರು ಶಿಫ್ಟ್ ಮುಗಿಸಿ ಮನೆಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಬೇಡಿ ತಂದು ತಂಡ ಕಟ್ಟಿದರು. ನಾವು ಮನೆಯಿಂದ ಲಂಗದಲ್ಲಿ ಹೊರಟು, ಮೈದಾನದ ಪಕ್ಕದ ಶಾಲೆಯ ಕೋಣೆಯಲ್ಲಿ ನಿಕ್ಕರು ಹಾಕಿಕೊಂಡು ಆಡಿ, ಮತ್ತೆ ಲಂಗದಲ್ಲೇ ಮನೆಗೆ ಮರಳುತ್ತಿದ್ದೆವು.

ದೇಶದ ಲೀಗಿನಲ್ಲಿ ನಮ್ಮದು ಎರಡನೇ ಡಿವಿಷನ್. ಅದರ ಕೆಳಗೆ ಮೂರನೆಯದು ಇರಲಿಲ್ಲವಾದ್ದರಿಂದ ಕೊನೆಯ ಡಿವಿಷನ್ ಎಂದರೂ ಸುಳ್ಳಲ್ಲ. ಪರವೂರಿಗೆ ಆಡಲು ಹೋದರೆ ಯಾವುದೋ ಶಾಲೆಯ ತರಗತಿಯಲ್ಲಿ ಬೆಂಚುಗಳನ್ನು ಬದಿಗೆ ಸರಿಸಿ ಮಲಗುವುದು, ಮೂರನೇ ದಿನದ ಹೊತ್ತಿಗೆ ಹುಳಿ ತಿರುಗಿದ ಚಿತ್ರಾನ್ನ ತಿನ್ನುವುದು. ಆದರೂ ನನ್ನ ನಡಿಗೆ ನೋಡಬೇಕಿತ್ತು. ನಾನು ಕ್ಯಾಪ್ಟನ್. ಮೈದಾನದ ನಡುವೆ ನಿಂತು ಚೆಂಡನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವವಳೂ ನಾನೇ. ಮನೆಯಲ್ಲಿ ಸಾರಿಗೆ ಎಷ್ಟು ಉಪ್ಪು ಎಂದು ಕೂಡ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಇಲ್ಲಿ ಆರು ಜನ ನನ್ನ ಕೈಯನ್ನೇ ನೋಡುತ್ತಿದ್ದರು.

ಹಾಗಿರುವಾಗ ಗಿರಿಜೆ ಬಂದಳು. ದಾವಣಗೆರೆ ಕಡೆಯವಳು. ತಂದೆ ತೀರಿಕೊಂಡ ಮೇಲೆ ಬಸವೇಶ್ವರನಗರದಲ್ಲಿದ್ದ ಅಕ್ಕ-ಭಾವನ ಮನೆ ಸೇರಿದ್ದಳು. ಎತ್ತರದ ಹುಡುಗಿ, ಮಾತು ಕಡಿಮೆ, ಮೇಲಾಗಿ ಎಡಚಿ. ಮೈದಾನದ ಬಲಮೂಲೆಯಿಂದ ಎಡಗೈಯಲ್ಲಿ ಎಸೆಯುವವಳು ಸಿಕ್ಕಿದರೆ ತಂಡಕ್ಕೆ ಅದೃಷ್ಟ ಎಂದು ನಂಜಪ್ಪನವರು ಮೊದಲಿನಿಂದಲೂ ಹೇಳುತ್ತಿದ್ದರು. ಮೊದಲ ದಿನವೇ ಅವಳು ಎಸೆದ ಚೆಂಡಿಗೆ ನಮ್ಮ ಗೋಲ್‌ಕೀಪರ್ ಅಡ್ಡ ನಿಲ್ಲುವ ಬದಲು ಬಗ್ಗಿ ತಲೆ ಉಳಿಸಿಕೊಂಡಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಆ ಸಂಜೆ ಮನೆಗೆ ಬಂದು ಬಾಗಿಲು ಹಾಕಿಕೊಂಡು, ಎಡಗೈಯಲ್ಲಿ ದಿಂಬು ಎಸೆದು ನೋಡಿದೆ. ಅದು ತಗುಲಿ ಗೋಡೆಯ ಕ್ಯಾಲೆಂಡರು ದೇವರ ಸಮೇತ ಕೆಳಗೆ ಬಿತ್ತು.

ಹೊಟ್ಟೆಕಿಚ್ಚಿಗೆ ಎಂಥ ಸಣ್ಣ ಸೌದೆಯೂ ಸಾಲುತ್ತದೆ ನೋಡಿ. ಅಭ್ಯಾಸ ಮುಗಿಸಿ ಅವಳು ನನ್ನ ಜೊತೆ ನಮ್ಮ ಮನೆಗೆ ಬರುವುದಿತ್ತು. ಅಮ್ಮನಿಗೆ ಅವಳೆಂದರೆ ಕರುಳು. ತಂದೆಯಿಲ್ಲದ ಹುಡುಗಿ, ಭಾವನ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣುತ್ತಾಳೋ ಇಲ್ಲವೋ ಎಂದು ಅವಳಿಗಾಗಿ ಬಿಸಿ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ನನಗೆ ಮಧ್ಯಾಹ್ನದ ಅನ್ನವೇ. ಅವಳ ತಟ್ಟೆಯ ರೊಟ್ಟಿಗಳನ್ನು ನಾನು ಎಣಿಸುತ್ತಿದ್ದೆ. ಅವಳು ಒಂದು ಮುರಿದು ನನ್ನ ತಟ್ಟೆಗೆ ಹಾಕಿದರೆ ಇನ್ನೂ ಉರಿಯುತ್ತಿತ್ತು.

ಆ ವರ್ಷ ಲೀಗಿನ ಕೊನೆಯ ಪಂದ್ಯ ನಮ್ಮ ಮೈದಾನದಲ್ಲೇ ಇತ್ತು. ಗೆದ್ದರೆ ಮೊದಲ ಡಿವಿಷನ್ನಿಗೆ ಬಡ್ತಿ. ಅದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿತ್ತು. ಹೆಣ್ಣುಮಕ್ಕಳ ತಂಡ ಕಟ್ಟುತ್ತಿದ್ದ ಒಂದು ಸರ್ಕಾರಿ ಇಲಾಖೆಯವರು ಪಂದ್ಯ ನೋಡಲು ಬರುತ್ತಾರಂತೆ, ನಮ್ಮಲ್ಲಿ ಒಬ್ಬಳಿಗೆ ಕೆಲಸ ಕೊಡುತ್ತಾರಂತೆ. ಅಪ್ಪ ನನಗೆ ಆಗಲೇ ಗಡುವು ಕೊಟ್ಟಿದ್ದರು: ಯುಗಾದಿಯೊಳಗೆ ಕೆಲಸ, ಇಲ್ಲವಾದರೆ ಗಂಡು. ಗಿರಿಜೆಗೆ ಅವಳ ಭಾವ ಏನು ಗಡುವು ಕೊಟ್ಟಿದ್ದರೋ ನಾನು ಕೇಳಲಿಲ್ಲ. ಕೇಳಿದರೆ ಮರುಕ ಬಂದೀತೆಂಬ ಭಯ.

ಪಂದ್ಯ ಶುರುವಾಯಿತು. ಗಿರಿಜೆ ಬಲಮೂಲೆಯಲ್ಲಿ ಎಡಗೈ ಎತ್ತಿ ನಿಂತಳು. ನಾನು ಚೆಂಡನ್ನು ಎಡಕ್ಕೆ ಕೊಟ್ಟೆ. ಮತ್ತೆ ಚೆಂಡು ಬಂತು, ಮತ್ತೆ ಎಡಕ್ಕೆ. ಮೂರನೆಯ ಸಲ ನಾನೇ ಎಸೆದು ಗೋಲು ಹೊಡೆದೆ. ಇಷ್ಟು ಸುಲಭವೇ ಎನಿಸಿತು. ಬಲಕ್ಕೆ ಹಾಕಮ್ಮ, ಬಲಕ್ಕೆ ಎಂದು ನಂಜಪ್ಪನವರು ಗೆರೆಯಾಚೆಯಿಂದ ಕೂಗಿ ಗಂಟಲು ಕಟ್ಟಿಸಿಕೊಂಡರು. ಎತ್ತಿದ ಆ ಎಡಗೈ ನನ್ನ ಕಣ್ಣಂಚಿಗೆ ಕಾಣುತ್ತಲೇ ಇತ್ತು.

ವಿರಾಮದಲ್ಲಿ ನಂಜಪ್ಪನವರು ನೇರವಾಗಿ ಕೇಳಿದರು. "ಅವಳ ಕಡೆ ಯಾಕಮ್ಮ ಚೆಂಡು ಹೋಗ್ತಿಲ್ಲ?"

"ಅವಳನ್ನ ಇಬ್ಬಿಬ್ಬರು ಕವರ್ ಮಾಡ್ತಿದಾರೆ ಸಾರ್" ಎಂದೆ.

ಗಿರಿಜೆ ಲೋಟದ ನೀರು ಕುಡಿಯುತ್ತಿದ್ದವಳು ಒಮ್ಮೆ ನನ್ನ ಕಡೆ ನೋಡಿದಳು. ಅವಳ ಬಳಿ ಒಬ್ಬಳೂ ನಿಂತಿರಲಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅವಳು ಲೋಟ ಕೆಳಗಿಟ್ಟು ಮೈದಾನಕ್ಕೆ ಇಳಿದಳು.

ಎರಡನೆಯ ಅರ್ಧದಲ್ಲಿ ಅವಳು ಕೈ ಎತ್ತುವುದನ್ನೇ ಬಿಟ್ಟಳು. ನಾವು ಚೆಂಡು ಕಳೆದುಕೊಂಡಾಗಲೆಲ್ಲ ಎಲ್ಲರಿಗಿಂತ ಮೊದಲು ಹಿಂದಕ್ಕೆ ಓಡಿ, ಎದುರಾಳಿಗಳ ಕೈಯಿಂದ ಚೆಂಡು ಕಿತ್ತು ತರತೊಡಗಿದಳು. ಕಿತ್ತ ಚೆಂಡನ್ನು ತಂದು ಯಾರಿಗೆ ಕೊಡಬೇಕು? ನನಗೇ. ನಾನು ಅದನ್ನು ಮತ್ತೆ ಎಡಕ್ಕೆ ಕೊಡುತ್ತಿದ್ದೆ. ಮಂಡಿ ತರಚಿ ರಕ್ತ ಮಣ್ಣಿಗೆ ಬೆರೆತರೂ ಅವಳು ಓಡುವುದನ್ನು ನಿಲ್ಲಿಸಲಿಲ್ಲ. ನಾನು ಒಟ್ಟು ನಾಲ್ಕು ಗೋಲು ಹೊಡೆದೆ. ತಂಡ ಒಂದು ಗೋಲಿನಿಂದ ಸೋತಿತು.

ಪಂದ್ಯ ಮುಗಿದ ಮೇಲೆ ಇಲಾಖೆಯವರು ನನ್ನನ್ನೇ ಕರೆದರು. ಓಡಿ ಹೋಗಿ ನಿಂತೆ.

"ನೀವು ಕ್ಯಾಪ್ಟನ್ ಅಲ್ವೇನಮ್ಮ? ಆ ಎತ್ತರದ ಹುಡುಗಿ ಹೆಸರು, ಅಡ್ರೆಸ್ಸು ಬರೆದುಕೊಡಿ. ಚೆಂಡೇ ಸಿಗದೆ ಇಷ್ಟು ಓಡೋರನ್ನ ನಾನು ನೋಡೇ ಇಲ್ಲ."

ಕಾಗದ, ಪೆನ್ನು ನನ್ನ ಕೈಗೆ ಬಂದವು. ಮನೆಯ ನಂಬರು ಬರೆಯುವಾಗ ಒಂದು ಅಂಕಿ ತಿರುಚುವ ಯೋಚನೆ ಬಂದದ್ದು ನಿಜ. ತಿರುಚಲಿಲ್ಲ. ಆತ್ಮಸಾಕ್ಷಿ ಎಂದು ಹೇಳಿಕೊಳ್ಳಲು ಆಸೆಯಿದೆ, ಆದರೆ ನಂಜಪ್ಪನವರು ನನ್ನ ಹೆಗಲ ಹಿಂದೆಯೇ ನಿಂತಿದ್ದರು.

ಗಿರಿಜೆ ಕೆಲಸಕ್ಕೆ ಸೇರಿದಳು. ಮೈಸೂರು ಪಾಕ್ ಹಿಡಿದು ಮನೆಗೆ ಬಂದಾಗ ನಾನು ತಲೆನೋವೆಂದು ಹೊದ್ದು ಮಲಗಿದ್ದೆ. ಅಮ್ಮನೂ ಅವಳೂ ಹಜಾರದಲ್ಲಿ ನಗುವುದು ಕೇಳುತ್ತಿತ್ತು. ಯುಗಾದಿ ಕಳೆದು ನನಗೆ ಗಂಡು ಗೊತ್ತಾಯಿತು, ನಾನು ಕೆಂಗೇರಿಯ ಸೊಸೆಯಾದೆ. ಮುಂದಿನ ವರ್ಷ ತಂಡವೂ ಚದುರಿತು. ಆಮೇಲೆ ಮದುವೆ ಮುಂಜಿಗಳಲ್ಲಿ ಗಿರಿಜೆ ಸಿಗುತ್ತಿದ್ದಳು. ಚೆನ್ನಾಗಿದೀಯಾ, ಚೆನ್ನಾಗಿದೀನಿ. ಅವಳ ಬಡ್ತಿ, ಅವಳ ಸ್ವಂತ ಮನೆ, ಎಲ್ಲವೂ ನನ್ನ ಕಿವಿಗೆ ತಾವಾಗಿಯೇ ನಡೆದು ಬರುತ್ತಿದ್ದವು. ನನ್ನ ಗಂಡ ಒಳ್ಳೆಯವರು, ಬದುಕು ಕೆಟ್ಟದ್ದಲ್ಲ. ಆದರೂ ಅವಳ ಸುದ್ದಿ ಬಂದ ದಿನ ಪಾತ್ರೆಗಳು ಸ್ವಲ್ಪ ಜೋರಾಗಿ ಸದ್ದು ಮಾಡುತ್ತಿದ್ದವು.

ಸೊಸೆ ಬಿಡಬೇಕಲ್ಲ, ಆಟದ ಕತೆ ಕೆದಕಿ ಕೆದಕಿ ನನ್ನ ಬಾಯಿಂದ ಗಿರಿಜೆಯ ಹೆಸರು ಹೊರಡಿಸಿದಳು. ಮುಲಾಮಿನ ಮಾರನೆಯ ದಿನ ಯಾರ್ಯಾರನ್ನೋ ಕೇಳಿ ಗಿರಿಜೆಯ ಫೋನ್ ನಂಬರು ಹುಡುಕಿ ತೆಗೆದಳು. ನಿನ್ನೆ ಅನ್ನಪೂರ್ಣೇಶ್ವರಿ ನಗರದ ಅವಳ ಮನೆಗೆ ನನ್ನನ್ನು ಬಿಟ್ಟು, ಸಂಜೆ ಬರ್ತೀನಿ ಅತ್ತೆ ಎಂದು ಹೊರಟೇಹೋದಳು. ಗಿರಿಜೆಯ ಕೂದಲು ಪೂರ್ತಿ ಬಿಳಿ. ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ನನಗೆ ಕಾಫಿ. ಮೊದಲ ಗುಟುಕಿಗೇ ನಾನು ಎಲ್ಲವನ್ನೂ ಹೇಳಿಬಿಟ್ಟೆ: ಬೇಕೆಂದೇ ಪಾಸು ಕೊಡಲಿಲ್ಲ, ಸಾರ್‌ಗೆ ಸುಳ್ಳು ಹೇಳಿದೆ, ಮೈಸೂರು ಪಾಕ್ ತಂದ ದಿನ ತಲೆನೋವು ಇರಲಿಲ್ಲ.

"ಗೊತ್ತಿತ್ತು ಕಣೇ" ಎಂದಳು. "ಅವತ್ತೇ ಗೊತ್ತಿತ್ತು."

ಇಷ್ಟು ವರ್ಷ ಯಾಕೆ ಒಂದು ಮಾತೂ ಆಡಲಿಲ್ಲ ಎಂದು ಕೇಳಿದೆ.

ಅವಳು ಸಕ್ಕರೆ ಡಬ್ಬಿಯ ಮುಚ್ಚಳ ಮುಚ್ಚುತ್ತಾ ಹೇಳಿದಳು. "ಕೇಳಿದ್ರೆ ನೀನು ಅತ್ತು, ತಪ್ಪಾಯ್ತು ಅಂದು ಹಗುರ ಆಗ್ಬಿಡ್ತಿದ್ದೆ. ಅಷ್ಟು ಸುಖ ನಿಂಗೆ ಕೊಡೋಕೆ ನಂಗೆ ಮನಸ್ಸಿರಲಿಲ್ಲ."

ನಾನು ಅವಳ ಮುಖವನ್ನೇ ನೋಡಿದೆ. ತಮಾಷೆಯಲ್ಲ, ನಿಜವಾಗಿಯೇ ಹೇಳುತ್ತಿದ್ದಳು. ಇಷ್ಟು ಕಾಲ ಅವಳನ್ನು ನನಗಿಂತ ಒಳ್ಳೆಯವಳೆಂದು ನಂಬಿ ಉರಿದುಕೊಂಡಿದ್ದೆನಲ್ಲ! ಅವಳೊಳಗೂ ಇಷ್ಟು ಕಹಿ ಇತ್ತೆಂದು ತಿಳಿದು ನನಗಾದ ನೆಮ್ಮದಿಯನ್ನು ನಿಮ್ಮೆದುರು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಇನ್ನೊಂದು ಲೋಟ ಕಾಫಿ ಕೇಳಿ ಹಾಕಿಸಿಕೊಂಡೆ. ಸೊಸೆ ಕರೆದೊಯ್ಯಲು ಬಂದಾಗ, ಇನ್ನೂ ಅರ್ಧ ಗಂಟೆ ಬಿಟ್ಟು ಬಾ ಎಂದು ನಾವಿಬ್ಬರೂ ಒಟ್ಟಿಗೇ ಹೇಳಿದೆವು.