ರಕ್ತ ಕೇಳಿದ ದೊಡ್ಡಪ್ಪ

ನಾನಿನ್ನೂ ಚಿಕ್ಕವಳಿದ್ದಾಗ, ಒಂಬತ್ತು ವರ್ಷವಿರಬಹುದು, ಭದ್ರಾವತಿಯಿಂದ ನಾವೆಲ್ಲ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆವು. ದಾರಿಯಲ್ಲಿ ಸಿಗುವ, ಈಗ ಕಾರ್ಖಾನೆಗಳು ತುಂಬಿರುವ ಮಾಚೇನಹಳ್ಳಿ ಆಗ ಬರೀ ಬಯಲು. ದುರ್ಗಿಗುಡಿಯ ಒಂದು ಶಾಲೆಯ ಅಂಗಳದಲ್ಲಿ ಅಂದು ನಮ್ಮ ದೊಡ್ಡಪ್ಪನಿಗೆ ಸನ್ಮಾನವಿತ್ತು.

ದೊಡ್ಡಪ್ಪ ಸೈನ್ಯದಲ್ಲಿ ಗಾಯಾಳುಗಳ ಆರೈಕೆ ಮಾಡುತ್ತಿದ್ದವರು. ಯುದ್ಧದಲ್ಲಿ ಗುಂಡು ಹಾರುತ್ತಿರುವಾಗಲೇ ಐದು ಜನರನ್ನು ಒಬ್ಬೊಬ್ಬರಾಗಿ ಹೆಗಲ ಮೇಲೆ ಹೊತ್ತು ತಂದಿದ್ದರು. ಅದಕ್ಕೇ ಪದಕ. ಅವರ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ.

ವೇದಿಕೆಯ ಮೇಲೆ ಏಳು ಜನ ಗಣ್ಯರು. ಗರಿಗರಿ ಇಸ್ತ್ರಿಯ ಬಿಳಿ ಬಟ್ಟೆ, ಅತ್ತರಿನ ಘಮಲು, ಕತ್ತಿನ ತುಂಬ ಸುಗಂಧರಾಜದ ಹಾರ. ಹಾರ ಹಾಕಿಸಿಕೊಳ್ಳಬೇಕಾದ ದೊಡ್ಡಪ್ಪನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿದ್ದರು. ಅಧ್ಯಕ್ಷರು ಒಂದು ಗಂಟೆ ಮಾತಾಡಿದರು. ಅದರಲ್ಲಿ ಮುಕ್ಕಾಲು ಗಂಟೆ ತಮ್ಮ ಬಗ್ಗೆಯೇ. ಕೊನೆಗೆ ಎದೆ ಬಡಿದುಕೊಂಡು, “ದೇಶಕ್ಕಾಗಿ ನನ್ನ ಕೊನೆಯ ಹನಿ ರಕ್ತವನ್ನೂ ಕೊಡುತ್ತೇನೆ!” ಎಂದು ಗುಡುಗಿದರು. ಮುಂದಿನ ಸಾಲಿನಲ್ಲಿದ್ದ ಅಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಶಾಲು ಹೊದಿಸಿದ ಮೇಲೆ ದೊಡ್ಡಪ್ಪ ಮೈಕಿನ ಮುಂದೆ ಬಂದರು.

“ಭಾಷಣ ಮಾಡಲ್ಲ. ನಮ್ಮ ಕಾರ್ಮಿಕರ ವಸತಿಯಲ್ಲಿ ಪಕ್ಕದ ಲೈನಿನ ಹೆಣ್ಣುಮಗಳಿಗೆ ಬೆಳಿಗ್ಗೆ ಹೆರಿಗೆ ಆಯ್ತು. ರಕ್ತ ನಿಲ್ತಿಲ್ಲ. ಇಲ್ಲೇ ಆಸ್ಪತ್ರೆಯಲ್ಲಿದ್ದಾಳೆ. ಎರಡು ಬಾಟ್ಲಿ ರಕ್ತ ಬೇಕು. ನಾನು ಹೋದ ತಿಂಗಳಷ್ಟೇ ಕೊಟ್ಟಿದ್ದೀನಿ, ಡಾಕ್ಟ್ರು ನನ್ನದು ಬೇಡ ಅಂದ್ರು. ಕೊನೆ ಹನಿ ಬೇಡ ಸ್ವಾಮಿ, ಒಬ್ಬೊಬ್ರು ಒಂದು ಬಾಟ್ಲಿ ಕೊಟ್ರೆ ಸಾಕು. ಯಾರು ಬರ್ತೀರಿ?”

ಅಧ್ಯಕ್ಷರಿಗೆ ತಟ್ಟನೆ ಇನ್ನೊಂದು ಕಾರ್ಯಕ್ರಮ ನೆನಪಾಯಿತು. ಒಬ್ಬರು ಗಡಿಯಾರ ನೋಡಿದರು, ಒಬ್ಬರು ಚಪ್ಪಲಿ ಹುಡುಕಿದರು. ದೇಶಭಕ್ತಿ ಗೀತೆ ಹಾಡಿದ್ದವರು ಹಿಂಬಾಗಿಲಿನಿಂದ ಜಾರಿಕೊಂಡರು. ದೊಡ್ಡಪ್ಪ ಅಪ್ಪನ ಕಡೆ ನೋಡಿದರು.

“ಅಣ್ಣಾ, ನಂಗೆ ಬೀಪಿ,” ಎಂದರು ಅಪ್ಪ. ಹಾಗೊಂದು ಕಾಯಿಲೆ ನಮ್ಮ ಮನೆಯಲ್ಲಿದೆಯೆಂದು ನಮಗೆ ಗೊತ್ತಾದದ್ದೇ ಆಗ.

ಅಕ್ಕ ಎದ್ದು ನಿಂತಳು. “ನಾನು ಕೊಡ್ತೀನಿ ದೊಡ್ಡಪ್ಪ.”

“ಕೂತ್ಕೊಳೇ! ಮದುವೆ ಆಗೋ ಹುಡುಗಿ ರಕ್ತ ಕೊಟ್ಳು ಅಂದ್ರೆ ಜನ ಏನಂತಾರೆ?” ಅಪ್ಪ ಅವಳ ಕೈ ಹಿಡಿದೆಳೆದರು.

“ಅವಳಿಗೆ ಹತ್ತೊಂಬತ್ತು ತುಂಬಿದೆ,” ಎಂದರು ದೊಡ್ಡಪ್ಪ. “ಬಿಡು ಕೈ.”

ಅಪ್ಪ ಬಿಟ್ಟರು. ಅಷ್ಟರಲ್ಲಿ ಮೈಕಿನ ವೈರು ಸುತ್ತುತ್ತಿದ್ದ ಸಾಬರು ಅದನ್ನು ಅಲ್ಲೇ ಬಿಸಾಕಿ, “ನಡೀರಿ ಸಾರ್, ನಂದೂ ನೋಡ್ಲಿ,” ಎಂದರು.

ಆಸ್ಪತ್ರೆಯ ಫಿನೈಲ್ ವಾಸನೆಗೆ ನಾನು ಮೂಗು ಮುಚ್ಚಿಕೊಂಡು ಕೂತಿದ್ದೆ. ಅಕ್ಕನ ರಕ್ತವೂ ಹೊಂದಿತು, ಸಾಬರದ್ದೂ ಹೊಂದಿತು. ಸಂಜೆಯ ಹೊತ್ತಿಗೆ ಆ ತಾಯಿ ಕಣ್ಣು ತೆರೆದು, ತಮಿಳಿನಲ್ಲಿ ಮಗು ಎಲ್ಲಿ ಎಂದು ಕೇಳಿದಳಂತೆ. ಗಣ್ಯರು ಆ ಹೊತ್ತಿಗೆ ಹೋಳಿಗೆ ಊಟ ಮುಗಿಸಿ ಮನೆ ಸೇರಿದ್ದರು. ಯಾರ ಮೈಯಿಂದಲೂ ಒಂದು ಹನಿ ಬೆವರೂ ಹೋಗಿರಲಿಲ್ಲ.

ಬಸ್ಸಿನಲ್ಲಿ ಅಕ್ಕ, “ಅವ್ರನ್ನ ನೀವು ಬೈಯಬೇಕಿತ್ತು ದೊಡ್ಡಪ್ಪ,” ಎಂದಳು.

“ಗುಂಡಿಗೆ ಹೆದರಿದೋರನ್ನ ನಾನು ಯಾವತ್ತೂ ಬೈದಿಲ್ಲ. ಇವ್ರು ಸೂಜಿಗೆ ಹೆದರ್ತಾರಲ್ಲ, ಇವರಿಗೆ ಏನನ್ನೋಣ?”

ಮುಂದಿನ ಭಾನುವಾರದಿಂದ ದೊಡ್ಡಪ್ಪ, ಅಕ್ಕ ಇಬ್ಬರೂ ಕಾರ್ಮಿಕರ ಮನೆಮನೆಗೆ ಹೋಗಿ, ರಕ್ತ ಕೊಡಲು ಒಪ್ಪಿದವರ ಹೆಸರು ಬರೆದುಕೊಳ್ಳತೊಡಗಿದರು. ದೊಡ್ಡಪ್ಪ ತೀರಿಕೊಳ್ಳುವವರೆಗೂ ಅದು ನಿಲ್ಲಲಿಲ್ಲ.

ಮಕ್ಕಳೇ, ಈಗ ನೀವು ಫೋನಿನಲ್ಲಿ ಎರಡು ಸಾಲು ಬರೆದರೆ ಸಾಕು, ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗ ಹುಡುಗಿಯರು ಬಸ್ಸು ಹಿಡಿದು ಆಸ್ಪತ್ರೆಗೆ ಬಂದು ನಿಲ್ಲುತ್ತಾರೆ. ಭಾಷಣ ಮಾಡುವವರು ಮಾತ್ರ ಇನ್ನೂ ಹಾಗೇ ಇದ್ದಾರೆ. ಅವರನ್ನು ಕಂಡರೆ ನೀವು ಮುಖಕ್ಕೇ ನಗುತ್ತೀರಿ. ನಾವು ಆಗ ಚಪ್ಪಾಳೆ ತಟ್ಟುತ್ತಿದ್ದೆವು.