ಅಬೂ ಹುಸೇನರ ತಲೆ ಮತ್ತು ನಮ್ಮ ಹಾಟ್ ರಾಡ್

ಅಬೂ ಹುಸೇನ್ ಗಾಡಿಯ ಬಾಗಿಲು ತೆಗೆದರು. ಬಿಸ್ಮಿಲ್ಲಾ ಅಂದರು. ಬಲಗಾಲು ಒಳಗಿಟ್ಟರು. ಸೊಂಟವೂ ಹೋಯಿತು. ತಲೆ ಮಾತ್ರ ಹೋಗಲಿಲ್ಲ.

ಅರಬರು ತಲೆವಸ್ತ್ರದ ಮೇಲೆ ಇಡುವ ಕಪ್ಪು ಬಳೆ ಇದೆಯಲ್ಲ, ಅಗಾಲ್, ಅದು ಚಾವಣಿಯ ಅಂಚಿಗೆ ತಾಗಿತು. ಹಿಂದಕ್ಕೆ ಜಾರಿ ನೆಲಕ್ಕೆ ಬಿತ್ತು. ಉರುಳುತ್ತಾ ಬಂದು ನನ್ನ ಚಪ್ಪಲಿಯ ಹತ್ತಿರ ಮಲಗಿತು.

ಆ ಚಾವಣಿಯನ್ನು ನಾಲ್ಕು ಇಂಚು ತಗ್ಗಿಸಿದವನು ನಾನೇ. ಆಗ ನನ್ನ ಮುಖ ಹೇಗಿತ್ತು ಅಂತ ಮಾತ್ರ ಕೇಳಬೇಡಿ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಾನು ಸೌದಿಯ ಖತೀಫ್‌ನಲ್ಲಿ ಎಸಿ ಡಕ್ಟ್ ಮಾಡುವವನು. ತಗಡು ಕತ್ತರಿಸು, ಮಡಚು, ತಣ್ಣಗಿನ ಗಾಳಿ ಹರಿಯುವ ಪೆಟ್ಟಿಗೆ ಮಾಡು, ಸೀಲಿಂಗಿಗೆ ನೇತುಹಾಕು. ಅಷ್ಟೇ ಉದ್ಯೋಗ. ಆದರೆ ರೂಮಿಗೆ ಬಂದು ಫೋನ್ ತೆರೆದರೆ ನನಗೆ ಬೇಕಾದ್ದು ಒಂದೇ: ಹಾಟ್ ರಾಡ್. ಅಜ್ಜಂದಿರ ಕಾಲದ ಅಮೆರಿಕನ್ ಗಾಡಿ ಹುಡುಕಿ, ಬೇಡದ್ದನ್ನೆಲ್ಲ ಕಳಚಿ, ಚಾವಣಿ ತಗ್ಗಿಸಿ, ದೊಡ್ಡ ಎಂಜಿನ್ ಕೂರಿಸುವ ಹುಚ್ಚು ಅದು. ಅದರಲ್ಲೂ ಟ್ರೆಡಿಷನಲ್ ಅಂದರೆ ರೆಡಿಮೇಡ್ ಕಿಟ್ ತರುವ ಹಾಗಿಲ್ಲ. ಬೇಕಾದ ಭಾಗವನ್ನು ಕೈಯಿಂದಲೇ ಬಡಿದು ಮಾಡಬೇಕು. ಗುರು ಯಾರು? ಯಾರೂ ಇಲ್ಲ. ವಿಡಿಯೋ ನೋಡು, ತಗಡು ಹಾಳು ಮಾಡು, ಮತ್ತೆ ನೋಡು.

ಹುಸೇನ್ ಸಿಕ್ಕಿದ್ದು ಅವರ ಖರ್ಜೂರ ತೋಟದ ಮನೆಗೆ ಡಕ್ಟ್ ಹಾಕಲು ಹೋದಾಗ. ನನ್ನ ಪ್ರಾಯದವ, ಅಬೂ ಹುಸೇನರ ಹಿರಿಯ ಮಗ. (ಅಬೂ ಹುಸೇನ್ ಅಂದರೆ ಹುಸೇನನ ಅಪ್ಪ ಅಂತಲೇ ಅರ್ಥ. ಇಲ್ಲಿ ಮಗ ಹುಟ್ಟಿದರೆ ಅಪ್ಪನಿಗೂ ಹೊಸ ಹೆಸರು.) ಶೆಡ್ಡಿನ ಮೂಲೆಯಲ್ಲಿ ಒಣಗಿದ ಗರಿಗಳ ರಾಶಿಯೊಳಗಿಂದ ಒಂದು ದುಂಡು ಹೆಡ್‌ಲೈಟ್ ಇಣುಕುತ್ತಿತ್ತು. ಹುಸೇನನ ಅಜ್ಜ ಖರ್ಜೂರ ಸಾಗಿಸುತ್ತಿದ್ದ ಪಿಕಪ್. ನಾನು ಏಣಿಯಲ್ಲೇ ಕಲ್ಲಾದೆ. ಹುಸೇನ್ ನನ್ನನ್ನು ನೋಡಿದ, ಗಾಡಿಯನ್ನು ನೋಡಿದ, ಜೇಬಿನಿಂದ ಫೋನ್ ತೆಗೆದು ತೋರಿಸಿದ. ನಾನು ನೋಡುವ ಅದೇ ವಿಡಿಯೋಗಳು!

ಅಬೂ ಹುಸೇನ್ ಹಾಕಿದ್ದು ಒಂದೇ ಷರತ್ತು.

"ಏನು ಬೇಕಾದರೂ ಮಾಡಿ. ಮೊದಲ ಸುತ್ತು ನನ್ನದು."

ಅವರು ಡ್ರೈವಿಂಗ್ ಕಲಿತದ್ದು ಆ ಗಾಡಿಯಲ್ಲಿ, ತಮ್ಮ ಅಪ್ಪನ ಪಕ್ಕದಲ್ಲಿ ಕೂತು. ಅಪ್ಪ ಹೋದ ಮೇಲೆ ಗಾಡಿ ನಿಂತದ್ದು ನಿಂತೇ ಬಿಟ್ಟಿತ್ತು. ಯಾರಿಗೂ ಮಾರಿರಲಿಲ್ಲ, ಯಾರನ್ನೂ ಮುಟ್ಟಲು ಬಿಟ್ಟಿರಲಿಲ್ಲ.

ಸುದ್ದಿ ಇಸ್ಮಾಯಿಲ್ ಭಾಯ್ ಕಿವಿಗೆ ಬಿತ್ತು. ಭಟ್ಕಳದವರು, ವರ್ಕ್‌ಶಾಪ್‌ಗಳ ಬೀದಿಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ. ಬಾಯಿಗೆ ಬ್ರೇಕ್ ಇಲ್ಲ.

"ಎಂತ ಮಾರಾಯ, ಡಕ್ಟ್ ಮಾಡುವವ ಕಾರು ಮಾಡ್ಲಿಕ್ಕೆ ಹೊರಟಿದ್ದೀಯಂತೆ? ನಾಲ್ಕು ಮೂಲೆ ಇರುವ ಕಾರಾ?"

"ನೀವು ನೋಡ್ತಾ ಇರಿ ಭಾಯ್."

"ನೋಡ್ತೇನೆ ಮಾರಾಯ. ಮುಂದಿನಿಂದ ತಣ್ಣಗಿನ ಗಾಳಿ ಬರ್ತದಾ ಅಂತ ಕೈ ಹಿಡಿದು ನೋಡ್ತೇನೆ."

ನಗಲಿ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನನಗೆ ಗೊತ್ತಿದ್ದದ್ದು ಮಡಚುವುದು. ಕಾರಿಗೆ ಬೇಕಾದ್ದು ಉಬ್ಬು. ಉಬ್ಬು ಬರಬೇಕಾದರೆ ತಗಡನ್ನು ಹಿಗ್ಗಿಸಬೇಕು. ಮೊದಲ ಸಲ ಅದು ಕೈಗೆ ಬಂದ ಕ್ಷಣ ಹೇಗೆ ಹೇಳಲಿ? ತೋಟದಲ್ಲಿ ಕಡಿದಿದ್ದ ಖರ್ಜೂರದ ಬೊಡ್ಡೆಯಲ್ಲಿ ಕುಳಿ ಕೊರೆದು, ಮೇಲೆ ತಗಡು ಇಟ್ಟು, ಮರದ ಸುತ್ತಿಗೆಯಿಂದ ಬಡಿಯುತ್ತಾ ಹೋದೆ. ಮೊದಲು ಬರೀ ಸುಕ್ಕು. ಹಪ್ಪಳ ಸುಟ್ಟ ಹಾಗೆ. ಬಡಿದೆ, ತಿರುಗಿಸಿದೆ, ಬಡಿದೆ. ಇದ್ದಕ್ಕಿದ್ದಂತೆ ಸುಕ್ಕುಗಳು ಒಂದರೊಳಗೊಂದು ಕರಗಿದವು. ಕೈಯಲ್ಲಿ ಒಂದು ಬೋಗುಣಿ ಇತ್ತು! ಅಂಗಡಿಯಿಂದ ಚಪ್ಪಟೆಯಾಗಿ ಬಂದ ತಗಡು ಅದು. ಒಳಗೆ ಇಷ್ಟು ದಿನ ಈ ಆಕಾರ ಎಲ್ಲಿ ಅಡಗಿತ್ತು? ಹುಸೇನ್ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸುತ್ತಾ ನಿಂತ.

ಹಾಗೆ ಬಡಿದೂ ಬಡಿದೂ ಚಾವಣಿ ತಗ್ಗಿಸಿದೆವು. ಚಾವಣಿ ಹೊತ್ತ ಕಂಬ ಕತ್ತರಿಸಿ, ಕೆಳಗಿಳಿಸಿ, ಚಾವಣಿಯ ತಗಡಿಗೆ ಮಧ್ಯೆ ಹೊಸ ಪಟ್ಟಿ ಸೇರಿಸಿ, ಚುಕ್ಕಿ ಚುಕ್ಕಿಯಾಗಿ ವೆಲ್ಡ್ ಮಾಡಿ. ಮುಂದಿನ ಗಾಜನ್ನೂ ಕತ್ತರಿಸಿ ಕೂರಿಸಿದೆವು, ದೊಡ್ಡ ಎಂಜಿನ್ನನ್ನೂ. ದೂರ ನಿಂತು ನೋಡಿದರೆ ಗಾಡಿ ಕಣ್ಣು ಕಿರಿದು ಮಾಡಿ ನಮ್ಮನ್ನೇ ನೋಡುತ್ತಿತ್ತು.

ಕೂತು ನೋಡಿದ್ದು ಯಾರು? ಹುಸೇನ್, ಕ್ಯಾಪ್ ತಿರುಗಿಸಿ ಹಾಕಿಕೊಂಡು. ನಾನು, ಬರಿತಲೆಯಲ್ಲಿ. ಅಳತೆ ಎಲ್ಲಿಂದ? ಫೋಟೋದಿಂದ. ಫೋಟೋದಲ್ಲಿ ಇದ್ದವರೆಲ್ಲ ತಲೆಗೆ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಅಮೆರಿಕನ್ನರು.

ಫೋಟೋ ನೋಡಿ ಕಟ್ಟಿದವರಲ್ಲಿ ನಾವೇನು ಮೊದಲಿಗರೇ? ನಮ್ಮ ಕರಾವಳಿಯಲ್ಲಿ ಗಲ್ಫ್ ದುಡ್ಡಿನ ಮನೆಗಳನ್ನು ನೋಡಿ. ದುಬೈ ಫೋಟೋ ತೋರಿಸಿ ಮುಂದೆ ಇಡೀ ಗಾಜಿನ ಗೋಡೆ ಕಟ್ಟಿಸುತ್ತಾರೆ. ಮಧ್ಯಾಹ್ನ ಒಳಗೆ ಬೇಯುವ ಉಮ್ಮ, ಅಂದರೆ ಮನೆಯ ತಾಯಿ, ಅದಕ್ಕೆ ಹಳೆಯ ಬೆಡ್‌ಶೀಟ್ ಕಟ್ಟುತ್ತಾರೆ.

ಹಾಗೆ ಆ ಶುಕ್ರವಾರ, ಅಬೂ ಹುಸೇನರ ಮೊದಲ ಸುತ್ತಿನ ದಿನ, ಅಗಾಲ್ ಉರುಳಿತು. ನಾನು ಎತ್ತಿ, ಧೂಳು ಒರೆಸಿ, ಎರಡೂ ಕೈಯಲ್ಲಿ ಕೊಟ್ಟೆ.

"ಬಾಬಾ, ಐದು ನಿಮಿಷ ತೆಗೆದಿಡಿ," ಅಂದ ಹುಸೇನ್.

"ನನ್ನ ಅಪ್ಪನ ಗಾಡಿಯಲ್ಲಿ ಬರಿತಲೆಯಲ್ಲಿ ಕೂರಲೇ?"

ಕೋಪ ಇರಲಿಲ್ಲ. ಚಾವಣಿಯ ಮೇಲೆ ಕೈಯಾಡಿಸಿ ಮಾಶಾ ಅಲ್ಲಾಹ್ ಅಂದರು. ಕೆಲಸ ಚೆನ್ನಾಗಿದೆ, ಇದು ನಿಮ್ಮಂಥ ಹುಡುಗರ ಗಾಡಿ, ನೀವೇ ಓಡಿಸಿ ಅಂದರು. ಬನ್ನಿ, ಕಾಫಿ ಕುಡಿಯೋಣ ಅಂದರು. ಬೈದಿದ್ದರೇ ಒಳ್ಳೆಯದಿತ್ತು.

ಹುಸೇನ್ ನನ್ನ ಕಿವಿಯಲ್ಲಿ ಹೇಳಿದ, "ಅವರು ಕೂರದ ಗಾಡಿ ನನಗೂ ಬೇಡ. ನಾಳೆ ಮತ್ತೆ ಗರಿ ಮುಚ್ಚುತ್ತೇನೆ."

ಚಾವಣಿ ಮೇಲೇರಿಸೋಣ ಅಂದರೆ ಕತ್ತರಿಸಿದ ಗಾಜು ಬೆಳೆಯುತ್ತದೆಯೇ?

ಮಜ್ಲಿಸ್‌ಗೆ ಹೋದೆವು. ಮಜ್ಲಿಸ್ ಅಂದರೆ ಅತಿಥಿಗಳ ಕೋಣೆ. ಕುರ್ಚಿ ಇಲ್ಲ. ಗೋಡೆಯುದ್ದಕ್ಕೂ ನೆಲದ ಮೇಲೆ ತೆಳು ಹಾಸಿಗೆ, ಮೊಣಕೈ ಊರಲು ಗಟ್ಟಿ ದಿಂಬು. ಅಬೂ ಹುಸೇನ್ ಒಂದು ಕಾಲು ಚಾಚಿ, ದಿಂಬಿಗೆ ಒರಗಿ ಕೂತರು. ನಾನು ಕಾಫಿ ಕೈಯಲ್ಲಿ ಹಿಡಿದು ಅವರನ್ನೇ ನೋಡಿದೆ. ಅವರ ಅಗಾಲ್ ಹಿಂದಿನ ಗೋಡೆಯ ಕಿಟಕಿಕಟ್ಟೆಗಿಂತ ಎಷ್ಟೋ ಕೆಳಗಿತ್ತು.

ಈ ಮನುಷ್ಯ ಬದುಕಿಡೀ ಕೂತದ್ದೇ ನೆಲದಲ್ಲಿ. ಅವರನ್ನು ಸ್ಪ್ರಿಂಗ್ ಸೀಟಿನ ಮೇಲೆ ಏರಿಸಿ ಕೂರಿಸಿ ಅಂತ ನಮಗೆ ಹೇಳಿದವರು ಯಾರು?

"ಹುಸೇನ್, ಯಲ್ಲಾ, ನಡಿ," ಅಂದೆ. ಅವನ ಕಾಫಿ ಅರ್ಧ ಉಳಿದಿತ್ತು.

ಹಳೆಯ ಸೀಟು ಕಿತ್ತೆವು. ಗಾಡಿಯ ನೆಲ ಕತ್ತರಿಸಿ, ಅಡಿಯ ಎರಡು ಉಕ್ಕಿನ ತೊಲೆಗಳ ನಡುವೆ ಕೆಳಕ್ಕಿಳಿಸಿದೆವು. ಪೆಡಲ್‌ಗಳನ್ನು ಮುಂದಕ್ಕೆ ಸರಿಸಿದೆವು. ಹೊಸ ನೆಲದ ತಗಡು ತುಳಿದರೆ ಡೋಲಿನಂತೆ ಬಡಿದುಕೊಳ್ಳುತ್ತಿತ್ತು. ಆ ಕಾಯಿಲೆಗೆ ಮದ್ದು ನನಗೆ ಗೊತ್ತು. ಡಕ್ಟ್ ತಗಡು ಸದ್ದು ಮಾಡದಿರಲು ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ಗೆರೆ ಮಡಿಕೆ ಹಾಕುತ್ತೇವೆ. ಇಲ್ಲೂ ಹಾಕಿದೆ. ತಣ್ಣಗಾಯಿತು. ಅದರ ಮೇಲೆ ಮಜ್ಲಿಸ್ ಹಾಸಿಗೆ, ಮರುಭೂಮಿಯ ಬೆದೂಯಿನರು ನೇಯುವ ಕೆಂಪು ಕಪ್ಪು ಪಟ್ಟೆಯ ಬಟ್ಟೆ. ಪಕ್ಕಕ್ಕೆ ಆ ಗಟ್ಟಿ ದಿಂಬು.

ಇಸ್ಮಾಯಿಲ್ ಭಾಯ್ ನೋಡಲು ಬಂದರು. ಗಾಡಿಯ ಅಡಿ ಕಾಣುವಂತೆ ಬಗ್ಗಿದರು.

"ಹೋಯ್, ಇದು ಡಕ್ಟಿನ ಮಡಿಕೆ ಅಲ್ವಾ?"

"ಹೌದು ಭಾಯ್."

"ಥೂ ನಿನ್ನ," ಅಂದರು. ಆಮೇಲೆ ಬಹಳ ಹೊತ್ತು ಬಗ್ಗಿಯೇ ಇದ್ದರು.

ಅಬೂ ಹುಸೇನ್ ಬಂದರು. ಬಾಗಿಲು ತೆಗೆದು ಒಳಗೆ ನೋಡಿದರು. ಕೂತೇ ಒಳಗೆ ಜಾರಿದರು, ಕಾಲು ಚಾಚಿದರು, ಮೊಣಕೈ ದಿಂಬಿಗೆ ತಾನಾಗಿ ಹೋಯಿತು. ಅಗಾಲ್ ನೆಟ್ಟಗೆ. ಮೇಲೆ ಎರಡು ಬೆರಳು ಜಾಗ. ಎಂಜಿನ್ ಗುಡುಗಿದಾಗ ಹಕ್ಕಿಗಳೆಲ್ಲ ತೋಟ ಬಿಟ್ಟು ಎದ್ದವು. ಅವರು ಗೇರ್ ಹಾಕುವ ಮೊದಲು ಪಕ್ಕದ ಖಾಲಿ ಜಾಗವನ್ನು ಒಮ್ಮೆ ನೋಡಿದರು. ಅಪ್ಪ ಕೂರುತ್ತಿದ್ದ ಜಾಗ.

ಒಂದು ಸುತ್ತು ಅಂದಿದ್ದರು. (ತೋಟದೊಳಗೆ ಮಾತ್ರ. ರಸ್ತೆಗಿಳಿಸಲು ಪರ್ಮಿಷನ್ ಬೇರೆಯೇ ಪುರಾಣ.) ಎರಡನೆಯ ಸಲವೂ ನಮ್ಮ ಮುಂದೆ ನಿಲ್ಲಿಸದೆ ಹೋದರು. ಹುಸೇನ್ ಕೈ ಬೀಸಿದ. ಆಮೇಲೆ ಬೀಸುವುದನ್ನೂ ಬಿಟ್ಟು ಸುಮ್ಮನೆ ಮರಕ್ಕೆ ಒರಗಿ ನೋಡುತ್ತಾ ನಿಂತ.

ಹುಸೇನ್ ಹಾಕಿದ ವಿಡಿಯೋ ಕೆಳಗೆ ಯಾವ ದೇಶದವನೋ ಒಬ್ಬ ಬರೆದಿದ್ದಾನೆ: "ಸೀಟು ತುಂಬ ಕೆಳಗಾಯಿತು, ಇದು ಟ್ರೆಡಿಷನಲ್ ಅಲ್ಲ."

ಇರಬಹುದು. ಆದರೆ ಯಾರ ಟ್ರೆಡಿಷನ್, ಸ್ವಾಮಿ?