ಮುಚ್ಚಿದೆ, ಸರಿ

ನೆದರ್ಲೆಂಡ್ಸಿನ ಲೈಡನ್ ಊರಿನ ನಮ್ಮ ಪ್ರಯೋಗಾಲಯದಲ್ಲಿ ಬಹುತೇಕರು ಜಪಾನಿಯರು. ಬೆಳಿಗ್ಗೆ ಪ್ರತಿ ಗ್ಯಾಸ್ ವಾಲ್ವಿನತ್ತ ಬೆರಳು ಚಾಚಿ "ಮುಚ್ಚಿದೆ, ಸರಿ" ಎಂದು ಗಟ್ಟಿಯಾಗಿ ಹೇಳುವುದು ಅವರ ಕ್ರಮ. ನನ್ನ ಕೈಕೆಳಗೆ ಸೇರಿದ ವಿಯೆಟ್ನಾಮಿನ ಹೊಸ ಪದವೀಧರೆಗೆ ಅದು ನಾಚಿಕೆ.

"ಅಂಕಲ್, ಎಲ್ಲರೂ ನಗ್ತಾರೆ," ಎನ್ನುತ್ತಿದ್ದಳು. ಹಿರಿಯರನ್ನು ಹಾಗೆ ಕರೆಯುವುದು ಅವಳ ಊರಿನ ರೂಢಿಯೂ ಹೌದು.

"ನಗಲಿ ಬಿಡಮ್ಮ, ವಾಲ್ವ್ ನಗಲ್ಲ," ಎಂದೆ.

ಅವಳ ಕೆಲಸ ಕಾಯಂ ಆಗಬೇಕಿದ್ದ ವಾರ, ಅದಕ್ಕೆ ಸಹಿ ಹಾಕಬೇಕಿದ್ದ ಜಪಾನಿ ಮುಖ್ಯಸ್ಥರೇ ವಾಲ್ವ್ ತೋರಿಸಿ "ಮುಚ್ಚಿದೆ, ಸರಿ" ಎಂದರು. ಅವಳು ಎಲ್ಲರೆದುರು ಬೆರಳು ಚಾಚಿದಳು: "ಮುಚ್ಚಿಲ್ಲ, ಸರಿಯಿಲ್ಲ."

ಅವರು ಬಗ್ಗಿ ನೋಡಿದರು. ವಾಲ್ವ್ ಕಾಲುಭಾಗ ತೆರೆದೇ ಇತ್ತು. ಮುಚ್ಚಿ, ಅವಳಿಗೆ ಸೊಂಟ ಬಗ್ಗಿಸಿ ವಂದಿಸಿದರು.

ಶುಕ್ರವಾರ ಕಾಯಂ ಪತ್ರಕ್ಕೆ ಸಹಿ ಹಾಕಿ, ಅದರತ್ತಲೂ ಬೆರಳು ಚಾಚಿದರು: "ಸಹಿಯಾಗಿದೆ."

ಅವಳ "ಸರಿ" ಹೊರಗೆ ಸೈಕಲ್ ನಿಲ್ಲಿಸುತ್ತಿದ್ದವರಿಗೂ ಕೇಳಿಸಿತು.